ನೀಲನಕ್ಷೆಯ ನೀಲಿ

ಇಂಥ ಯೋಜನೆಗೆ ನೀಲನಕ್ಷೆ ಸಿದ್ಧವಾಗಿದೆ ಎಂಬ ಮಾತನ್ನು ನೀವು ವಾರ್ತೆಗಳಲ್ಲಿ ಆಗಾಗ ಕೇಳಿಯೇ ಇರುತ್ತೀರಿ. ಅಣೆಕಟ್ಟಿಗೂ ನೀಲನಕ್ಷೆ, ಆಯವ್ಯಯಕ್ಕೂ ನೀಲನಕ್ಷೆ, ಚುನಾವಣೆಗೂ ನೀಲನಕ್ಷೆ. ನಕ್ಷೆಯೆಂದರೇನೆಂಬುದು ಗೊತ್ತು, ಆದರೆ ಅದು ನೀಲಿಯೇ ಏಕಾಗಬೇಕು? ಹಸುರೋ ಕೆಂಪೋ ಆಗಬಾರದಿತ್ತೆ? ಶಬ್ದವನ್ನು ಬಗೆದು ನೋಡುವುದು ನಮ್ಮಂಥ ಕನ್ನಡ ಪಂಡಿತರ ಹಳೆಯ ಚಟ. ಈ ನೀಲಿಯ ಬೇರನ್ನು ಅರಸುತ್ತ ಹೋದರೆ ನಾವು ಮೊದಲು ಮುಟ್ಟುವುದು ೧೮೪೨ನೆಯ ಇಸವಿಯ ಇಂಗ್ಲೆಂಡನ್ನು. ಅಲ್ಲಿಂದ ಮುಂದೆ ಇಪ್ಪತ್ತನೆಯ ಶತಮಾನದ ಕೆಲವು ವಿಶ್ವವಿದ್ಯಾನಿಲಯಗಳನ್ನು. ಕೊನೆಗೆ ನಮ್ಮ ಬೇಲೂರು ಹಳೇಬೀಡುಗಳನ್ನೇ.

ಇಂದು ಮೊಬೈಲನ್ನು ಬೆರಳಿನಿಂದ ಮುಟ್ಟಿದರೆ ಸಾಕು, ಚಿತ್ರ ಸಿದ್ಧ. ಹೀಗಿರುವಾಗ ಇಂಗ್ಲೆಂಡು ಅಮೆರಿಕಗಳ ಹಲವು ವಿಶ್ವವಿದ್ಯಾನಿಲಯಗಳಲ್ಲಿ ಹುಡುಗ ಹುಡುಗಿಯರು ಕಾಗದವನ್ನು ಉಪ್ಪುನೀರಿನಲ್ಲಿ ಅದ್ದಿ ಒಣಗಿಸಿ, ಮಬ್ಬು ಬೆಳಕಿನ ಕೋಣೆಯಲ್ಲಿ ಅದಕ್ಕೆ ಬೆಳ್ಳಿಯ ಲವಣವನ್ನು ಕುಂಚದಿಂದ ಸವರಿ, ಬಿಸಿಲಿಗೆ ಹಿಡಿದು ಚಿತ್ರ ಮಾಡುವುದನ್ನು ಕಲಿಯುತ್ತಿದ್ದಾರೆಂದರೆ ನಿಮಗೆ ಅಚ್ಚರಿಯಾದೀತು. ಅದಕ್ಕೆ ಪಾಠಪಟ್ಟಿ ಇದೆ, ಅಂಕಗಳಿವೆ, ಪದವಿಯೂ ಉಂಟು. ಈ ವಿಷಯಕ್ಕೆ ಅಲ್ಲಿ ‘ಆಲ್ಟರ್ನೇಟಿವ್ ಪ್ರಾಸೆಸ್’ ಎಂದು ಹೆಸರು. ಕನ್ನಡದಲ್ಲಿ ‘ಪರ್ಯಾಯ ವಿಧಾನಗಳು’ ಎನ್ನಬಹುದು. ಪರ್ಯಾಯವೆಂದೊಡನೆ ಒಂದಕ್ಕೆ ಬದಲಾದ ಇನ್ನೊಂದು ಎಂದು ನಾವು ಈಗ ತಿಳಿಯುತ್ತೇವೆ. ಆದರೆ ಉಡುಪಿಯವರನ್ನು ಕೇಳಿ ನೋಡಿ. ಅಲ್ಲಿ ಪರ್ಯಾಯವೆಂದರೆ ಸರದಿ; ಎಂಟು ಮಠಗಳಿಗೆ ಎರಡೆರಡು ವರ್ಷದಂತೆ ತಿರುಗಿ ಬರುವ ಪೂಜೆಯ ಸರದಿ. ಈ ಹಳೆಯ ವಿಧಾನಗಳಿಗೆ ಸಲ್ಲುವುದು ಉಡುಪಿಯ ಅರ್ಥವೇ ಎಂದು ನನ್ನ ಎಣಿಕೆ. ಇವು ಯಾವುದಕ್ಕೂ ಬದಲಾಗಿ ಹುಟ್ಟಿದವಲ್ಲ. ಮೊದಲ ಸರದಿ ಇವುಗಳದೇ ಆಗಿತ್ತು. ನಡುವೆ ಪೀಠ ಬಿಟ್ಟುಕೊಟ್ಟವು. ಈಗ ತಿರುಗಿ ಬಂದಿವೆ.

ಮೊದಲ ಸರದಿಯ ಕಥೆ ಟಾಲ್ಬಟ್ ಎಂಬ ಇಂಗ್ಲಿಷ್ ವಿದ್ವಾಂಸನಿಂದ ಆರಂಭವಾಗುತ್ತದೆ. ಆತನಿಗೆ ಚಿತ್ರ ಬರೆಯಲು ಬಾರದು. ೧೮೩೩ರಲ್ಲಿ ಇಟಲಿಯ ಕೋಮೋ ಸರೋವರದ ದಡದಲ್ಲಿ ಕುಳಿತು, ಗಾಜಿನ ಉಪಕರಣವೊಂದರ ನೆರವಿನಿಂದ ಬರೆಯಹೋಗಿ ಸೋತು, ಪ್ರಕೃತಿ ತಾನೇ ತನ್ನ ಚಿತ್ರವನ್ನು ಕಾಗದದ ಮೇಲೆ ಮೂಡಿಸುವಂತಾದರೆ ಹೇಗೆಂದು ಯೋಚಿಸಿದ. ಮರುವರ್ಷ ಲೇಕಾಕ್ ಎಂಬ ತನ್ನ ಊರಿನಲ್ಲಿ ಪ್ರಯೋಗ ಹೂಡಿದ. ಅವನು ಬಳಸಿದ್ದು ಎರಡೇ ವಸ್ತು: ನಿಮ್ಮ ಅಡುಗೆಮನೆಯ ಉಪ್ಪು, ಮತ್ತು ಸಿಲ್ವರ್ ನೈಟ್ರೇಟ್ ಎಂಬ ಬೆಳ್ಳಿಯ ಲವಣ. ಎರಡೂ ಕಾಗದದಲ್ಲಿ ಕೂಡಿದರೆ ಸಿಲ್ವರ್ ಕ್ಲೋರೈಡ್ ಹುಟ್ಟುತ್ತದೆ. ಅದು ಬೆಳಕಿಗೆ ಕಪ್ಪಾಗುತ್ತದೆ. ಇಷ್ಟು ಅವನಿಗಿಂತ ಮೊದಲೇ ಬಲ್ಲವರಿದ್ದರು. ಟಾಲ್ಬಟ್ ಕಂಡುಕೊಂಡ ಗುಟ್ಟು ಬೇರೆ: ಉಪ್ಪು ಕಡಿಮೆಯಿದ್ದರೆ ಕಾಗದ ಬೇಗ ಕಪ್ಪಾಗುತ್ತದೆ, ಉಪ್ಪು ಅತಿಯಾದರೆ ಬೆಳಕಿಗೆ ಮೊಂಡಾಗುತ್ತದೆ. ಆದ್ದರಿಂದ ಸ್ವಲ್ಪ ಉಪ್ಪಿನಲ್ಲಿ ಚಿತ್ರ ಮೂಡಿಸಿ, ಆಮೇಲೆ ಬಹಳ ಉಪ್ಪಿನಲ್ಲಿ ಅದ್ದಿ ಅದನ್ನು ನಿಲ್ಲಿಸಿದ. ಉಪ್ಪಿನ ಹದ ಬಲ್ಲ ಗೃಹಿಣಿಯರಿಗೆ ಈ ಸಂಶೋಧನೆಯ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆತ ೧೮೩೫ರ ಫೆಬ್ರವರಿ ೨೮ರಂದು ತನ್ನ ಟಿಪ್ಪಣಿ ಪುಸ್ತಕದಲ್ಲಿ ಒಂದು ಮಾತು ಬರೆದಿಟ್ಟ. ಕಾಗದ ಬೆಳಕನ್ನು ಹಾಯಗೊಡುವಂತಿದ್ದರೆ ಮೊದಲ ಚಿತ್ರವನ್ನೇ ಮೂಲವಾಗಿಟ್ಟು ಎರಡನೆಯದನ್ನು ತೆಗೆಯಬಹುದು, ಆಗ ಬೆಳಕು ನೆರಳುಗಳು ಅದಲುಬದಲಾಗುತ್ತವೆ ಎಂಬುದು ಅದರ ಸಾರ. ನೆಗೆಟಿವ್ ಎಂಬ ಕಲ್ಪನೆ ಮೊಳೆತದ್ದು ಇಲ್ಲಿ. ಇದೇ ಟಿಪ್ಪಣಿಯಲ್ಲಿ ಈ ವಿದ್ಯೆಗೆ ಆತ ಕೊಟ್ಟಿದ್ದ ಹೆಸರುಗಳಲ್ಲೊಂದು ಗ್ರೀಕಿನ ‘ನೆರಳು’ ಶಬ್ದದಿಂದ ಹುಟ್ಟಿದ್ದು, ‘ಸಯಾಗ್ರಫಿ’. ‘ಬೆಳಕಿನ ಬರೆಹ’ ಎಂಬ ಅರ್ಥದ ಫೋಟೋಗ್ರಫಿ ಶಬ್ದ ೧೮೩೯ರಲ್ಲಿ ಹರ್ಷೆಲ್ ಮಹಾಶಯನ ಮಾತಿನಿಂದ ನೆಲೆನಿಂತಿತು. ಲೋಕವೆಲ್ಲ ಬೆಳಕಿನ ಹೆಸರನ್ನು ಹಿಡಿದರೆ ನಾವು ‘ಛಾಯಾಚಿತ್ರ’ವೆಂದು ನೆರಳಿನ ಹೆಸರನ್ನೇ ಹಿಡಿದೆವು. ಟಾಲ್ಬಟ್ಟನ ಟಿಪ್ಪಣಿಯನ್ನು ಓದಿ ನಮ್ಮವರು ಹೀಗೆ ಹೆಸರಿಟ್ಟರೆಂದು ನಾನು ಹೇಳುವುದಿಲ್ಲ. ಆದರೂ ಈ ಹೊಂದಿಕೆ ಸೊಗಸಾಗಿದೆ.

ಇನ್ನು ಹರ್ಷೆಲ್. ಸರ್ ಜಾನ್ ಹರ್ಷೆಲ್ ಖಗೋಳ ಶಾಸ್ತ್ರಜ್ಞ. ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲನ ಮಗ. ‘ಹೈಪೊ’ ಎಂಬ ಲವಣ ಬೆಳ್ಳಿಯ ಲವಣಗಳನ್ನು ಕರಗಿಸುತ್ತದೆಂದು ೧೮೧೯ರಲ್ಲೇ ಕಂಡಿದ್ದ. ಇಪ್ಪತ್ತು ವರ್ಷದ ತರುವಾಯ ಅದನ್ನೇ ಚಿತ್ರಗಳನ್ನು ಸ್ಥಿರಗೊಳಿಸಲು ಬಳಸಿದ. ನಮ್ಮೂರಿನ ಸ್ಟುಡಿಯೋಗಳಲ್ಲಿ ಫಿಲಂ ಇದ್ದ ಕೊನೆಯ ದಿನದವರೆಗೂ ಈ ಹೈಪೊ ಇತ್ತು. ೧೮೪೨ರಲ್ಲಿ ಆತ ಬೆಳ್ಳಿಯನ್ನು ಬಿಟ್ಟು ಕಬ್ಬಿಣಕ್ಕೆ ಕೈಹಾಕಿದ. ಫೆರಿಕ್ ಅಮೋನಿಯಂ ಸಿಟ್ರೇಟ್, ಪೊಟ್ಯಾಸಿಯಂ ಫೆರಿಸಯನೈಡ್ ಎಂಬ ಎರಡು ಲವಣಗಳ ದ್ರಾವಣಗಳನ್ನು ಬೆರಸಿ ಕಾಗದಕ್ಕೆ ಸವರಿದರೆ, ಬಿಸಿಲಿನ ಅತಿನೇರಳೆ ಕಿರಣ ತಾಗಿದಲ್ಲಿ ಕಬ್ಬಿಣದ ಸ್ಥಿತಿ ಬದಲಾಗಿ, ‘ಪ್ರಷ್ಯನ್ ನೀಲಿ’ ಎಂಬ ಗಾಢ ವರ್ಣ ಅಲ್ಲೇ ಹುಟ್ಟುತ್ತದೆ. ಬಿಸಿಲು ತಾಗದಲ್ಲಿ ಲವಣಗಳು ಹಾಗೆಯೇ ಉಳಿದು ನೀರಿನಲ್ಲಿ ತೊಳೆದುಹೋಗುತ್ತವೆ. ಹೈಪೊ ಬೇಡ, ಕತ್ತಲ ಕೋಣೆಯ ಕಟ್ಟುನಿಟ್ಟಿಲ್ಲ, ಬರಿಯ ನೀರು ಸಾಕು. ಇದಕ್ಕೆ ಆತ ಇಟ್ಟ ಹೆಸರು ‘ಸಯನೋಟೈಪ್’.

೧೮೭೦ರ ದಶಕದಿಂದ ಎಂಜಿನಿಯರುಗಳು ಇದನ್ನು ಹಿಡಿದರು. ಪಾರದರ್ಶಕ ಹಾಳೆಯ ಮೇಲೆ ಕಪ್ಪು ಗೆರೆಯಲ್ಲಿ ಬರೆದ ನಕ್ಷೆಯನ್ನು ಈ ಕಾಗದದ ಮೇಲಿಟ್ಟು ಬಿಸಿಲಿಗೆ ಹಿಡಿದರೆ ನೀಲಿಯ ನೆಲದಲ್ಲಿ ಬಿಳಿಯ ಗೆರೆಗಳು ನಿಲ್ಲುತ್ತಿದ್ದವು. ಅದೇ ಬ್ಲೂಪ್ರಿಂಟ್, ಅದೇ ನಮ್ಮ ನೀಲನಕ್ಷೆ. ಬೇರೆ ಯಂತ್ರಗಳು ಬಂದು ಕಚೇರಿಗಳಿಂದ ಆ ಕಾಗದ ಮಾಯವಾಗಿ ಎಷ್ಟೋ ಕಾಲವಾಯಿತು. ಶಬ್ದ ಮಾತ್ರ ಉಳಿದು ಭಾಷಣಗಳಲ್ಲಿ ತಿರುಗುತ್ತಿದೆ.

ಹರ್ಷೆಲ್ ಇಷ್ಟಕ್ಕೇ ನಿಲ್ಲದೆ ಹೂವುಗಳ ರಸವನ್ನು ಕಾಗದಕ್ಕೆ ಸವರಿ, ಬಿಸಿಲಿಗೆ ಯಾವ ಬಣ್ಣ ಎಷ್ಟು ಮಾಸುತ್ತದೆಂದೂ ನೋಡಿದ. ಮೇರಿ ಸೋಮರ್‌ವಿಲ್ ಎಂಬ ವಿದುಷಿಯೂ ಇಂಥ ಪ್ರಯೋಗಗಳನ್ನು ನಡೆಸಿ ಆತನಿಗೆ ಬರೆದ ಪತ್ರದ ಭಾಗ ೧೮೪೬ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಇದು ನಮಗೆ ತೀರ ದೂರದ ಮಾತಲ್ಲ. ಬಿಳಿಯ ಪಂಚೆಗೆ ಬಿದ್ದ ಅರಿಶಿನದ ಕಲೆ ಬಿಸಿಲಿನಲ್ಲಿ ಹರವಿದರೆ ಹೋಗುತ್ತದೆಂಬುದು ಎಲ್ಲ ಮನೆಗಳಿಗೂ ಗೊತ್ತು. ಅರಿಶಿನ ಸವರಿದ ಕಾಗದದ ಮೇಲೆ ಎಲೆಯೊಂದನ್ನಿಟ್ಟು, ಗಾಜಿನಿಂದ ಒತ್ತಿ, ಕೆಲವು ಗಂಟೆ ಬಿಸಿಲಿಗಿಟ್ಟರೆ ಎಲೆಯ ನೆರಳು ಹಳದಿಯಾಗಿ ಉಳಿಯುತ್ತದೆ. ವಿಶ್ವವಿದ್ಯಾನಿಲಯದ ಹುಡುಗರು ಈ ಪಾಠವನ್ನೂ ಮಾಡುತ್ತಾರೆ. ನಿಮ್ಮ ಮನೆಯ ಮಕ್ಕಳೂ ಮಾಡಬಹುದು. ಆದರೆ ಈ ಚಿತ್ರವನ್ನು ಸ್ಥಿರಗೊಳಿಸುವ ಹೈಪೊ ಇಲ್ಲ. ಬೆಳಕಿನಲ್ಲಿ ತೂಗುಹಾಕಿದರೆ ಅದೂ ಮಾಸುತ್ತದೆ.

ಪ್ರಾಸಂಗಿಕವಾಗಿ ಒಂದು ಮಾತು. ಇದೇ ಹರ್ಷೆಲನ ಮಗ, ತಂದೆಯ ಹೆಸರನ್ನೇ ಹೊತ್ತ ಲೆಫ್ಟಿನೆಂಟ್ ಜಾನ್ ಹರ್ಷೆಲ್, ನಮ್ಮ ದೇಶದ ಭೂಮಾಪನ ಇಲಾಖೆಯಲ್ಲಿದ್ದ. ೧೮೬೮ರ ಆಗಸ್ಟ್ ೧೮ರ ಪೂರ್ಣ ಸೂರ್ಯಗ್ರಹಣವನ್ನು ಆತ ವರ್ಣದರ್ಶಕದ ಮೂಲಕ ನೋಡಿದ್ದು ನಮ್ಮ ಜಮಖಂಡಿಯಲ್ಲಿ. ತಂದೆ ಸೂರ್ಯನ ಬೆಳಕನ್ನು ಕಾಗದದ ಮೇಲೆ ಹಿಡಿದ; ಮಗ ಆ ಬೆಳಕು ಮರೆಯಾದ ಕೆಲವು ನಿಮಿಷಗಳಲ್ಲಿ ಸೂರ್ಯನ ಅಂಚಿನ ಜ್ವಾಲೆಗಳನ್ನು ಪರೀಕ್ಷಿಸಿದ.

ಸಯನೋಟೈಪಿನ ಮೊದಲ ದೊಡ್ಡ ಫಲ ಒಂದು ಪುಸ್ತಕ. ಪುಸ್ತಕವೆಂದರೆ ನನಗೆ ಸ್ವಲ್ಪ ಹೆಚ್ಚಿನ ಆಸ್ಥೆ, ತಾವು ಮನ್ನಿಸಬೇಕು. ಕೆಂಟ್ ಪ್ರಾಂತದ ಆನಾ ಅಟ್ಕಿನ್ಸ್ ಎಂಬಾಕೆ ಸಸ್ಯಶಾಸ್ತ್ರದಲ್ಲಿ ಅನುರಾಗವಿದ್ದವಳು. ತಂದೆ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಅಧಿಕಾರಿ, ಹರ್ಷೆಲನಿಗೆ ಪರಿಚಿತ. ೧೮೪೧ರಲ್ಲಿ ಹಾರ್ವಿ ಎಂಬ ವಿದ್ವಾಂಸ ಬ್ರಿಟನ್ನಿನ ಕಡಲಪಾಚಿಗಳ ಬಗೆಗೆ ಕೈಪಿಡಿ ಬರೆದಿದ್ದ, ಅದರಲ್ಲಿ ಚಿತ್ರಗಳಿರಲಿಲ್ಲ. ಕೂದಲಿನಂತೆ ಎಳೆಯೆಳೆಯಾದ ಪಾಚಿಯನ್ನು ಲೇಖನಿಯಿಂದ ಯಥಾವತ್ತಾಗಿ ಬರೆಯುವುದಾದರೂ ಹೇಗೆ? ಆನಾ ಆ ಪಾಚಿಗಳನ್ನೇ ನೀಲಿ ಕಾಗದದ ಮೇಲೆ ಹರವಿ ಬಿಸಿಲಿಗೆ ಹಿಡಿದಳು. ಪಾಚಿ ಇದ್ದಲ್ಲಿ ಬಿಳುಪು, ಸುತ್ತ ಕಡಲಿನಂಥದೇ ನೀಲಿ. ಹೆಸರುಗಳಿಗೆ ಅಚ್ಚಿನ ಮೊಳೆ ಬಳಸದೆ ತನ್ನ ಕೈಬರೆಹವನ್ನೇ ಅದೇ ವಿಧಾನದಿಂದ ಮೂಡಿಸಿದಳು. ೧೮೪೩ರಲ್ಲಿ ಮೊದಲ ಕಂತು ಹೊರಬಿತ್ತು, ೧೮೫೩ರಲ್ಲಿ ಕೆಲಸ ಮುಗಿಯಿತು. ಸುಮಾರು ೪೦೦ ಚಿತ್ರಗಳು. ಪ್ರತಿಯೊಂದು ಪ್ರತಿಯ ಪ್ರತಿಯೊಂದು ಹಾಳೆಯೂ ಬೇರೆಬೇರೆಯಾಗಿ ಬಿಸಿಲು ಕಂಡು ನೀರಿನಲ್ಲಿ ಮಿಂದದ್ದು. ಛಾಯಾಚಿತ್ರಗಳಿಂದ ಕೂಡಿದ ಮೊದಲ ಪುಸ್ತಕವೆಂದು ಇದನ್ನೇ ಸಾಮಾನ್ಯವಾಗಿ ಗಣಿಸುತ್ತಾರೆ.

ಆಕೆ ತನ್ನ ಹೆಸರನ್ನು ‘ಎ. ಎ.’ ಎಂದಷ್ಟೇ ಅಂಕಿತಗೊಳಿಸಿದ್ದಳು. ಮುಂದೆ ವಿಲಿಯಂ ಲ್ಯಾಂಗ್ ಎಂಬ ಸಂಗ್ರಾಹಕ ಆ ಎರಡಕ್ಷರಗಳನ್ನು ‘ಅನಾಮಧೇಯ ಹವ್ಯಾಸಿ’ ಎಂಬರ್ಥದ ಎರಡು ಇಂಗ್ಲಿಷ್ ಪದಗಳಾಗಿ ಬಿಡಿಸಿದ್ದ. ಅಂಕಿತವನ್ನು ಬಿಡಿಸುವುದರಲ್ಲಿ ನಮ್ಮ ಸಾಹಿತ್ಯ ಚರಿತ್ರೆಯಲ್ಲೂ ಇಂಥ ಪೇಚುಗಳು ಕಡಿಮೆಯಲ್ಲ. ಆಕೆಯ ಕೆಲಸ ಮತ್ತೆ ವಿಶಾಲವಾಗಿ ಲೋಕದ ಗಮನಕ್ಕೆ ಬಂದದ್ದು ಲ್ಯಾರಿ ಶಾಫ್ ಎಂಬ ವಿದ್ವಾಂಸರ ೧೯೮೫ರ ಪುಸ್ತಕದಿಂದ.

ಈ ಕೈಕೆಲಸ ಅಳಿಯಲು ಕಾರಣ ಕಾರ್ಖಾನೆ. ೧೮೮೦ರ ದಶಕದಿಂದ ಜೆಲಟಿನ್ ಬಳಿದ ಸಿದ್ಧ ಕಾಗದ ಅಂಗಡಿಗೆ ಬಂತು. ೧೮೮೮ರಲ್ಲಿ ಈಸ್ಟ್‌ಮನ್ನನ ಕೊಡಾಕ್ ಕ್ಯಾಮರಾ ಬಂತು. ಗುಂಡಿ ಒತ್ತುವುದಷ್ಟೇ ಗಿರಾಕಿಯ ಪಾಲು, ಉಳಿದುದೆಲ್ಲ ಕಂಪನಿಯ ಪಾಲು ಎಂದಾಯಿತು. ಸೊಗಸಿಗೂ ಬಾಳಿಕೆಗೂ ಹೆಸರಾದ ಪ್ಲಾಟಿನಂ ಕಾಗದ, ಮೊದಲನೆಯ ಮಹಾಯುದ್ಧದಲ್ಲಿ ಆ ಲೋಹದ ಬೆಲೆ ಏರಿ ಹಿಂದೆ ಸರಿಯಿತು. ಎರಡು ತಲೆಮಾರು ಕಳೆಯುವಷ್ಟರಲ್ಲಿ, ಕಾಗದಕ್ಕೆ ತಾವೇ ಲವಣ ಸವರಬಲ್ಲವರು ಬೆರಳೆಣಿಕೆಗೆ ಇಳಿದರು. ಪಾಕದ ಪುಸ್ತಕಗಳೇನೋ ಗ್ರಂಥಾಲಯಗಳಲ್ಲಿದ್ದವು. ಆದರೆ ಕಾಗದ ಎಷ್ಟು ಹೀರಬೇಕು, ಕುಂಚ ಎಷ್ಟು ತೇವವಿರಬೇಕು ಎಂಬುದನ್ನು ಪುಸ್ತಕ ಹೇಳದು. ನಮ್ಮ ಓಲೆಗರಿಗಳ ಗತಿಯೂ ಇದೇ ಅಲ್ಲವೆ? ಗರಿಯನ್ನು ಹದಮಾಡಿ, ಕಂಠದಿಂದ ಕೊರೆದು, ಮಸಿ ತುಂಬುವ ಕೈ ಎಂದೋ ನಿಂತಿತು. ಕೊರೆಯುವ ಕೈಯ ಚಲನೆಯನ್ನು ಬಲ್ಲವನಿಗೆ ಲಿಪಿಕಾರ ದಕಾರವನ್ನು ಧಕಾರ ಮಾಡಿದ್ದು ಎಲ್ಲಿ, ಏಕೆ ಎಂದು ಥಟ್ಟನೆ ಹೊಳೆಯುತ್ತದೆ. ಅಚ್ಚಿನಲ್ಲಿ ಮಾತ್ರ ಓದಿದವನು ತಡಕಾಡುತ್ತಾನೆ.

ವಿಶ್ವವಿದ್ಯಾನಿಲಯಗಳು ಈ ಕಥೆಯೊಳಕ್ಕೆ ಬರುವುದು ಇಲ್ಲಿ. ೧೯೩೭ರಲ್ಲಿ ಮೊಹೋಯ್-ನಾಜ್ ಎಂಬ ಹಂಗೇರಿಯ ಕಲಾವಿದರು ಷಿಕಾಗೋ ನಗರದಲ್ಲಿ ‘ನ್ಯೂ ಬೌಹೌಸ್’ ಎಂಬ ಶಾಲೆಯ ಮುಖ್ಯಸ್ಥರಾದಾಗ, ಅಲ್ಲಿ ಛಾಯಾಚಿತ್ರಣ ಕಲಿಸಿದವರಲ್ಲಿ ಹೆನ್ರಿ ಹೋಮ್ಸ್ ಸ್ಮಿತ್ ಒಬ್ಬರು. ಇವರು ೧೯೪೭ರಲ್ಲಿ ಇಂಡಿಯಾನಾ ವಿಶ್ವವಿದ್ಯಾನಿಲಯಕ್ಕೆ ಅಧ್ಯಾಪಕರಾಗಿ ಬಂದರು. ಛಾಯಾಚಿತ್ರಣವೆಂದರೆ ಹೊಟ್ಟೆಪಾಡಿನ ಕಸಬು, ಅದಕ್ಕೆ ಪದವಿಯೇಕೆ ಎಂಬ ಭಾವನೆ ಬಲವಾಗಿದ್ದ ಕಾಲ ಅದು. ಸ್ಮಿತ್ ಅದನ್ನು ಲಲಿತಕಲೆಯೆಂದು ಕಲಿಸಿದರು. ಸ್ವತಃ ಅವರೂ ವಿಚಿತ್ರ ಪ್ರಯೋಗಶೀಲರು. ಗಾಜಿನ ಹಲಗೆಯ ಮೇಲೆ ಜೋಳದ ಪಾಕವನ್ನೂ ನೀರನ್ನೂ ಸುರಿದು, ಅದರ ಮೂಲಕ ಬೆಳಕು ಹಾಯಿಸಿ, ಕ್ಯಾಮರಾ ಇಲ್ಲದೆಯೇ ಚಿತ್ರ ತೆಗೆಯುತ್ತಿದ್ದರು.

ಅವರ ಬಳಿ ಕಲಿತು ೧೯೬೬ರಲ್ಲಿ ಸ್ನಾತಕೋತ್ತರ ಪದವಿ ಪಡೆದವರು ಬೆಟ್ಟಿ ಹಾನ್. ಈಕೆ ಕೈಗೆತ್ತಿಕೊಂಡದ್ದು ಗೋಂದಿನ ವಿಧಾನ. ಡೈಕ್ರೋಮೇಟ್ ಎಂಬ ಲವಣಕ್ಕೆ ಬೆಳಕಿನ ಅರಿವಿದೆಯೆಂದು ೧೮೩೯ರಲ್ಲೇ ಸ್ಕಾಟ್ಲೆಂಡಿನ ಪಾಂಟನ್ ಕಂಡಿದ್ದ. ಈ ಲವಣವನ್ನು ಗೋಂದಿಗೂ ಬಣ್ಣಕ್ಕೂ ಬೆರಸಿ ಕಾಗದಕ್ಕೆ ಸವರಿದರೆ ಬೆಳಕು ತಾಗಿದಲ್ಲಿ ಗೋಂದು ಗಟ್ಟಿಯಾಗಿ ಬಣ್ಣವನ್ನು ಹಿಡಿದುಕೊಳ್ಳುತ್ತದೆ, ಉಳಿದೆಡೆ ನೀರಿಗೆ ಬಿಟ್ಟುಹೋಗುತ್ತದೆ. (ಡೈಕ್ರೋಮೇಟ್ ವಿಷ; ಅರಿಶಿನದಂತೆ ಇದನ್ನು ಮನೆಯಲ್ಲಿ ಪ್ರಯೋಗಿಸಬಾರದು.) ಬೆಟ್ಟಿ ಹಾನ್ ಕಾಗದವನ್ನು ಬಿಟ್ಟು ಬಟ್ಟೆಯ ಮೇಲೆ ಈ ವಿಧಾನದಿಂದ ಚಿತ್ರ ಮೂಡಿಸಿ, ಅದರ ಮೇಲೆ ಬಣ್ಣದ ದಾರದಿಂದ ಕಸೂತಿ ಹಾಕಿದರು. ೧೯೭೧ರ ಒಂದು ಚಿತ್ರದಲ್ಲಿ ರಸ್ತೆ ಬೆಳಕಿನದು, ಕಾಮನಬಿಲ್ಲು ಸೂಜಿಯದು. ಗೃಹಕೃತ್ಯವೆಂದು ಕಡೆಗಣಿಸಿದ್ದ ಸೂಜಿದಾರಕ್ಕೆ ಕಲಾಶಾಲೆಯ ಗೋಡೆಯ ಮೇಲೆ ಜಾಗ ದೊರೆಯಿತು. ಈಕೆ ಮುಂದೆ ರಾಚೆಸ್ಟರಿನಲ್ಲೂ ೧೯೭೬ರಿಂದ ನ್ಯೂ ಮೆಕ್ಸಿಕೋ ವಿಶ್ವವಿದ್ಯಾನಿಲಯದಲ್ಲೂ ಅಧ್ಯಾಪಕಿಯಾಗಿದ್ದರು. ವಿದ್ಯೆ ಹೀಗೆ ಗುರುವಿನಿಂದ ಶಿಷ್ಯರಿಗೆ, ಒಂದು ಊರಿನಿಂದ ಇನ್ನೊಂದಕ್ಕೆ ನಡೆಯಿತು. ೧೯೭೯ರಲ್ಲಿ ವಿಲಿಯಂ ಕ್ರಾಫರ್ಡರ ‘ದಿ ಕೀಪರ್ಸ್ ಆಫ್ ಲೈಟ್’ ಬಂದ ಮೇಲೆ ಚರಿತ್ರೆಯೂ ಪಾಕವೂ ಒಂದೇ ರಟ್ಟಿನೊಳಗೆ ಸಿಕ್ಕುವಂತಾಯಿತು.

ಎಲ್ಲವೂ ಮೆಚ್ಚತಕ್ಕದ್ದೆಂದು ನಾನು ಹೇಳಲಾರೆ. ಅಟ್ಕಿನ್ಸಳ ಕಾಲದವರು ಹಾಳೆಯ ಅಂಚು ಒಪ್ಪವಾಗಿರಬೇಕೆಂದು ಬಯಸಿದರೆ, ಇಂದಿನ ಎಷ್ಟೋ ವಿದ್ಯಾರ್ಥಿಗಳು ಅಂಚಿನಲ್ಲಿ ಕುಂಚದ ಗೀರುಗಳನ್ನು ಬೇಕೆಂದೇ ಉಳಿಸುತ್ತಾರೆ, ಕೈಯಲ್ಲಿ ಮಾಡಿದ್ದೆಂದು ತೋರಲೆಂದು. ಹೇಳಲು ಹೊಸದೇನೂ ಇಲ್ಲದೆ ಹಳಗನ್ನಡದ ಪ್ರತ್ಯಯಗಳನ್ನು ಹಚ್ಚಿ ಪದ್ಯ ಕಟ್ಟುವವರ ನೆನಪಾಗುತ್ತದೆ.

ಆದರೆ ಈ ವ್ಯಾಸಂಗದಿಂದ ತೂಕದ ಪ್ರಯೋಜನವೂ ಒದಗಿದೆ. ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯದಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ ಮೈಕ್ ವೇರ್ ಹರ್ಷೆಲನ ವಿಧಾನವನ್ನು ಹೊಸದಾಗಿ ಪರೀಕ್ಷಿಸಿದರು. ಹಳೆಯ ದ್ರಾವಣಕ್ಕೆ ಬೂಷ್ಟು ಹಿಡಿಯುತ್ತಿತ್ತು, ಮೂಡಿದ ನೀಲಿಯಲ್ಲಿ ಒಂದು ಪಾಲು ತೊಳೆಯುವಾಗಲೇ ಹರಿದುಹೋಗುತ್ತಿತ್ತು. ಅವರು ಸಿಟ್ರೇಟಿನ ಬದಲು ಆಕ್ಸಲೇಟ್ ಲವಣ ಬಳಸಿ ೧೯೯೦ರ ದಶಕದಲ್ಲಿ ಹೊಸ ಸಯನೋಟೈಪನ್ನು ಪ್ರಕಟಿಸಿದರು. ೧೯೯೯ರಲ್ಲಿ ಈ ನೀಲಿಯ ಚರಿತ್ರೆ ಮತ್ತು ವಿಜ್ಞಾನಗಳನ್ನು ಕುರಿತ ಗ್ರಂಥವನ್ನೂ ಬರೆದರು. ಹಳೆಯ ಕಾಗದಗಳು ಆಮ್ಲದಿಂದ ಪುಡಿಯಾಗದಿರಲೆಂದು ಪತ್ರಾಗಾರಗಳಲ್ಲಿ ಅವುಗಳನ್ನು ಕ್ಷಾರ ಬೆರಸಿದ ವಿಶೇಷ ಹಾಳೆಗಳ ನಡುವೆ ಇಡುವ ಪದ್ಧತಿಯುಂಟು. ಬೇರೆ ಬಹುಪಾಲು ಕಾಗದಗಳಿಗೆ ಅದು ರಕ್ಷೆ. ಪ್ರಷ್ಯನ್ ನೀಲಿಗೆ ಕ್ಷಾರವೇ ಶತ್ರು! ಅಟ್ಕಿನ್ಸಳ ಹಾಳೆಯನ್ನು ಅಂಥ ಮಡಿಕೆಯೊಳಗಿಟ್ಟರೆ, ಕಾಪಾಡಬೇಕೆಂದ ಕೈಯೇ ಅದನ್ನು ಮಾಸಿಸಿದಂತೆ. ಇನ್ನೊಂದು ವಿಶೇಷವೆಂದರೆ, ಬೆಳಕಿಗೆ ಪೇಲವವಾದ ಸಯನೋಟೈಪನ್ನು ಗಾಳಿಯಾಡುವ ಕತ್ತಲಲ್ಲಿ ಕೆಲವು ಕಾಲ ಇಟ್ಟರೆ ನೀಲಿ ಬಹುಮಟ್ಟಿಗೆ ಮರಳುತ್ತದೆ. ಇವನ್ನು ಬಲ್ಲವನು ಚಿತ್ರ ನೋಡಿದವನಲ್ಲ, ಮಾಡಿದವನು.

ಕಾರ್ಖಾನೆಗಳ ಸರದಿಯೂ ಈಗ ಮುಗಿಯುತ್ತ ಬಂದಿದೆ. ಕೊಡಾಕ್ ಕಂಪನಿ ತನ್ನ ಕಪ್ಪು ಬಿಳುಪು ಕಾಗದದ ತಯಾರಿಕೆಯನ್ನು ೨೦೦೫ರಲ್ಲಿ ನಿಲ್ಲಿಸಿತು; ೨೦೧೨ರಲ್ಲಿ ದಿವಾಳಿ ರಕ್ಷಣೆ ಕೋರಿ ನ್ಯಾಯಾಲಯಕ್ಕೆ ಹೋಯಿತು. ಉಪ್ಪು ಬೆಳ್ಳಿಗಳನ್ನು ತಾನೇ ಸವರಬಲ್ಲ ವಿದ್ಯಾರ್ಥಿಗೆ ಇದರಿಂದ ತೊಂದರೆಯಾಗಲಿಲ್ಲ. ಈ ವಿಧಾನಗಳಲ್ಲಿ ನೆಗೆಟಿವ್ ಎಷ್ಟು ದೊಡ್ಡದೋ ಚಿತ್ರವೂ ಅಷ್ಟೇ ದೊಡ್ಡದು. ಆ ದೊಡ್ಡ ನೆಗೆಟಿವನ್ನು ಈಗ ಕಂಪ್ಯೂಟರಿನಿಂದ ಪಾರದರ್ಶಕ ಹಾಳೆಯ ಮೇಲೆ ಮುದ್ರಿಸಿಕೊಳ್ಳುತ್ತಾರೆ. ಹೊಸ ಯಂತ್ರವೇ ಹಳೆಯ ವಿದ್ಯೆಗೆ ಮಣೆ ಹಾಕಿದೆ.

ಇದೆಲ್ಲ ನಮಗೇಕೆಂದು ಕೇಳುವವರು ಬೇಲೂರಿಗೆ ಬರಬೇಕು. ೧೮೫೪ರ ಡಿಸೆಂಬರಿನಲ್ಲಿ ಮದರಾಸು ಸೈನ್ಯದ ಅಧಿಕಾರಿ ಲಿನೇಯಸ್ ಟ್ರೈಪ್ ಹಳೇಬೀಡು, ಬೇಲೂರು, ಶ್ರವಣಬೆಳಗೊಳಗಳ ಚಿತ್ರ ತೆಗೆದ. ಮರುವರ್ಷ ಮದರಾಸಿನ ಪ್ರದರ್ಶನದಲ್ಲಿ ಆತ ಇಟ್ಟ ೬೮ ಚಿತ್ರಗಳಿಗೆ ಪ್ರಥಮ ದರ್ಜೆಯ ಪದಕ ದೊರೆಯಿತು. ಟ್ರೈಪನ ನೆಗೆಟಿವ್ ಕಾಗದದ್ದು. ಜೇನುಮೇಣವನ್ನು ಬಿಸಿಮಾಡಿ ಕಾಗದಕ್ಕೆ ಊಡಿ, ಬೆಳಕು ಹಾಯುವಂತೆ ಮಾಡುತ್ತಿದ್ದರು. ಆ ಕಾಲದ ಲವಣಗಳಿಗೆ ನೀಲಿ ಬೆಳಕೇ ಹೆಚ್ಚು ತಾಗುತ್ತಿದ್ದುದರಿಂದ ಆಕಾಶ ಬರಿದಾಗಿ ಬರುತ್ತಿತ್ತು. ಅದಕ್ಕಾಗಿ ಟ್ರೈಪ್ ತನ್ನ ಬರ್ಮಾ ಮತ್ತು ದಕ್ಷಿಣ ಭಾರತದ ನೆಗೆಟಿವುಗಳ ಮೇಲೆ ಮೋಡಗಳನ್ನು ಕೈಯಿಂದ ಬಳಿದದ್ದುಂಟು! ಚಿತ್ರದಲ್ಲಿ ಸೂರ್ಯ ಬರೆದದ್ದೆಷ್ಟು, ಕುಂಚ ಬರೆದದ್ದೆಷ್ಟು ಎಂದು ಬೇರ್ಪಡಿಸಲಾರದವನು ಅದನ್ನು ಚರಿತ್ರೆಗೆ ಸಾಕ್ಷಿಯಾಗಿ ಕರೆಯುವಂತಿಲ್ಲ. ಶಾಸನ ಓದುವವರಿಗೆ ಇದು ಪರಿಚಿತವಾದ ಎಚ್ಚರಿಕೆ. ಉಳಿಯ ಗೆರೆ ಯಾವುದು, ಕಲ್ಲಿನ ಬಿರುಕು ಯಾವುದು ಎಂದು ತಿಳಿದ ಮೇಲೆಯೇ ಅವರು ಅಕ್ಷರ ಹಿಡಿಯುತ್ತಾರೆ. ಇದೇ ಟ್ರೈಪ್ ೧೮೫೮ರಲ್ಲಿ ತಂಜಾವೂರಿನ ಬೃಹದೀಶ್ವರ ದೇವಾಲಯದ ತಳಪಾದಿಯ ಶಾಸನವನ್ನು ೨೧ ಚಿತ್ರಗಳಾಗಿ ತೆಗೆದು ಒಂದಕ್ಕೊಂದು ಜೋಡಿಸಿ, ಸುಮಾರು ೧೯ ಅಡಿಗಳ ಒಂದೇ ಪಟ ಮಾಡಿದ. ಮರುವರ್ಷ ಮದರಾಸಿಗೆ ಬಂದ ಗವರ್ನರ್ ಟ್ರೆವೆಲಿಯನ್ ಈ ಕೆಲಸ ದುಬಾರಿಯೆಂದು ನಿಲ್ಲಿಸಿದ. ಧಾರವಾಡ ಮತ್ತು ಮೈಸೂರು ಸೀಮೆಗಳ ದೇವಾಲಯಗಳ ಚಿತ್ರಗಳು ಗ್ರಂಥರೂಪದಲ್ಲಿ ಹೊರಬಂದದ್ದು ಪಿಗೂ, ನೀಲ್, ಬಿಗ್ಸ್ ಎಂಬ ಬೇರೆ ಮೂವರ ಕೆಲಸದಿಂದ, ೧೮೬೬ರಲ್ಲಿ.

ನಿಮ್ಮ ಮನೆಯ ಪೆಟ್ಟಿಗೆಯಲ್ಲೂ ಹಿರಿಯರ ಪಟಗಳಿರಬಹುದು. ತೆಳುವಾದ ಹೊಳಪು ಕಾಗದ, ರಟ್ಟಿಗೆ ಅಂಟಿಸಿದ್ದು, ಬಿಳುಪೆಲ್ಲ ಹಳದಿಗೆ ತಿರುಗಿದ್ದು ಎಂದಾದರೆ ಅದು ಮೊಟ್ಟೆಯ ಲೋಳೆ ಬಳಿದ ಹತ್ತೊಂಬತ್ತನೆಯ ಶತಮಾನದ ಕಾಗದವಿದ್ದೀತು. ಅಂಚಿನ ಕಪ್ಪಿನ ಮೇಲೆ ಓರೆಯಾಗಿ ನೋಡಿದಾಗ ಕನ್ನಡಿಯಂಥ ಬೆಳ್ಳಿಯ ಮಿಂಚು ಕಂಡರೆ ಅದು ಕಾರ್ಖಾನೆಯ ಜೆಲಟಿನ್ ಕಾಗದ. ಯಾವುದೇ ಆಗಲಿ, ಒದ್ದೆಬಟ್ಟೆಯಿಂದ ಒರಸಬೇಡಿ, ಬಿಸಿಲು ಬೀಳುವ ಗೋಡೆಗೆ ತೂಗಬೇಡಿ. ಪಟದಲ್ಲಿರುವವರ ಹೆಸರು ಬಲ್ಲ ಅಜ್ಜಿಯೋ ದೊಡ್ಡಪ್ಪನೋ ಮನೆಯಲ್ಲಿದ್ದರೆ ಈ ಭಾನುವಾರವೇ ಕೇಳಿ ಹಿಂಬದಿಯಲ್ಲಿ ಬರೆದಿಡಿ. ಶಾಯಿ ಬೇಡ, ಮೆತ್ತನೆಯ ಪೆನ್ಸಿಲ್ ಸಾಕು.